ಹಳೆಯ ಸೌಂಡ್ ಬಾಕ್ಸನ್ನು ಎಲೆಕ್ಟ್ರಿಕ್ ಗಿಟಾರಿನ ಕ್ಯಾಬಿನೆಟ್ ಆಗಿ ಮಾರ್ಪಡಿಸುವ ವಿಧಾನ

ಆರ್ಕೆಸ್ಟ್ರಾ ತಂಡಗಳೂ ಮದುವೆ, ಜಾತ್ರೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವರೂ ಹಗುರವಾದ ಪ್ಲಾಸ್ಟಿಕ್ ಸ್ಪೀಕರುಗಳಿಗೆ ಬದಲಾದಂತೆ, ಪ್ಲೈವುಡ್ಡಿನಲ್ಲಿ ಮಾಡಿದ ಭಾರವಾದ ಹಳೆಯ ಬಾಕ್ಸುಗಳು ಗೋದಾಮಿನ ಮೂಲೆ ಸೇರುತ್ತಿವೆ. ಒಳಗೆ ಕೆಳಸ್ವರಗಳಿಗೆಂದು 12 ಅಥವಾ 15 ಇಂಚಿನ ಒಂದು ವೂಫರ್, ಅದರ ಮೇಲೆ ಮೇಲಿನ ಸ್ವರಗಳಿಗೆಂದು ಒಂದು ಹಾರ್ನ್, ಹಿಂಬದಿಯಲ್ಲಿ ತುಕ್ಕು ಹಿಡಿದ ಜಾಕ್, ಸುತ್ತ ಹರಿದ ರೆಕ್ಸಿನ್ ಅಥವಾ ಕಾರ್ಪೆಟ್: ಸಾಮಾನ್ಯವಾಗಿ ಇವುಗಳ ಸ್ವರೂಪ ಇಷ್ಟೇ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಇಂಥ ಬಾಕ್ಸ್ ಸಿಕ್ಕಿದರೆ ಅದನ್ನು ಒಳ್ಳೆಯ ಗಿಟಾರ್ ಕ್ಯಾಬಿನೆಟ್ ಆಗಿ, ಅಂದರೆ ಗಿಟಾರ್ ಆಂಪ್ಲಿಫೈಯರಿಗೆ (ಆಂಪ್) ಜೋಡಿಸುವ ಸ್ಪೀಕರ್ ಪೆಟ್ಟಿಗೆಯಾಗಿ, ಮಾಡಿಕೊಳ್ಳಬಹುದು. ಆದರೆ ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಈ ಕೆಲಸದಲ್ಲಿ ಉಳಿಸಿಕೊಳ್ಳಲು ಯೋಗ್ಯವಾದದ್ದು ಬಹುತೇಕ ಮರದ ಪೆಟ್ಟಿಗೆ ಮಾತ್ರ; ಒಳಗಿರುವ ಸ್ಪೀಕರುಗಳನ್ನು ತೆಗೆಯಬೇಕಾಗಿ ಬರುವ ಸಾಧ್ಯತೆಯೇ ಹೆಚ್ಚು.

ಇದಕ್ಕೆ ಕಾರಣವಿದೆ. ಹಾಡು, ಭಾಷಣ, ವಾದ್ಯ ಎಲ್ಲವನ್ನೂ ಇದ್ದದ್ದು ಇದ್ದಂತೆ ಕೇಳಿಸಬೇಕೆಂಬ ಉದ್ದೇಶದಿಂದ ಪಿ.ಎ. (ಸಾರ್ವಜನಿಕ ಧ್ವನಿವರ್ಧಕ) ಸ್ಪೀಕರನ್ನು ತಯಾರಿಸಿರುತ್ತಾರೆ. ಗಿಟಾರ್ ಸ್ಪೀಕರ್ ಹಾಗಲ್ಲ. ವೀಣೆಗೆ ಕೊಡ ಹೇಗೋ ಎಲೆಕ್ಟ್ರಿಕ್ ಗಿಟಾರಿಗೆ ಅದರ ಸ್ಪೀಕರು ಮತ್ತು ಪೆಟ್ಟಿಗೆ ಹಾಗೆ. ನಾದದ ಅರ್ಧ ಭಾಗ ಹುಟ್ಟುವುದೇ ಅಲ್ಲಿ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನ ಸುಮಾರು 82 ಹರ್ಟ್ಸ್. ಗಿಟಾರ್ ಸ್ಪೀಕರ್ ಸರಿಸುಮಾರು 75 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗೆ ಮಾತ್ರ ಬಲವಾಗಿ ನುಡಿಯುತ್ತದೆ. 2,000 ಮತ್ತು 4,000 ಹರ್ಟ್ಸ್‌ಗಳ ನಡುವೆ ಅದರ ಧ್ವನಿ ಎದ್ದು ಕಾಣುತ್ತದೆ, 5,000 ದಾಟಿದ ಮೇಲೆ ಥಟ್ಟನೆ ಕುಸಿಯುತ್ತದೆ. ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟುಗೊಳಿಸುವ ಪರಿಣಾಮ) ಹಾಕಿದಾಗ ಹುಟ್ಟುವ ಕರ್ಕಶವಾದ ಮೇಲಿನ ಕಂಪನಗಳನ್ನು ಈ ಕುಸಿತವೇ ಸೋಸಿ ತೆಗೆಯುತ್ತದೆ. ಅದೇ ಸಂಕೇತವನ್ನು ಪಿ.ಎ. ಬಾಕ್ಸಿಗೆ ಕೊಟ್ಟರೆ ಅಲ್ಲಿನ ಹಾರ್ನ್ ಆ ಕರ್ಕಶತೆಯನ್ನೆಲ್ಲ ನಿಷ್ಠೆಯಿಂದ ಹೊರಗೆ ಎರಚುತ್ತದೆ, ವೂಫರ್ ಮಾತ್ರ ಮಂಕಾಗಿ ಗುಮ್ಮೆನ್ನುತ್ತದೆ.

ಮೊದಲು ನಿರ್ಧರಿಸಬೇಕಾದದ್ದು

ನೀವು ನುಡಿಸುತ್ತಿರುವುದು ಯಾವುದರ ಮೂಲಕ ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ. ಕ್ಯಾಬಿನೆಟ್ಟಿನ ನಾದವನ್ನು ತನ್ನೊಳಗೇ ಅನುಕರಿಸುವ ಡಿಜಿಟಲ್ ಮಲ್ಟಿ ಎಫೆಕ್ಟ್ಸ್ ಸಾಧನ ನಿಮ್ಮಲ್ಲಿದ್ದರೆ, ಅದಕ್ಕೆ ಬೇಕಾದದ್ದು ಎಲ್ಲ ಕಂಪನಗಳನ್ನೂ ಸಮನಾಗಿ ಕೇಳಿಸುವ ಪಿ.ಎ. ಬಾಕ್ಸೇ ಹೊರತು ಗಿಟಾರ್ ಕ್ಯಾಬಿನೆಟ್ ಅಲ್ಲ. ಅಂಥವರು ಹಳೆಯ ಬಾಕ್ಸಿನ ಹಾರ್ನನ್ನೂ, ಅದಕ್ಕೂ ವೂಫರಿಗೂ ಸ್ವರಗಳನ್ನು ಹಂಚಿಕೊಡುವ ಕ್ರಾಸ್‌ಓವರನ್ನೂ ದುರಸ್ತಿ ಮಾಡಿಸಿ ಹಾಗೆಯೇ ಬಳಸುವುದು ಒಳ್ಳೆಯದು. ಗಿಟಾರ್ ಆಂಪಿಗೆ ಹೊರಗಿನ ಸ್ಪೀಕರ್ ಜೋಡಿಸಬೇಕು ಎನ್ನುವವರಿಗೆ ಮಾತ್ರ ಮುಂದಿನ ಹಂತಗಳು ಅನ್ವಯಿಸುತ್ತವೆ.

ಆ ಆಂಪಿನ ಹಿಂಬದಿಯಲ್ಲಿ ಸ್ಪೀಕರ್ ಔಟ್ ಎಂಬ ಜಾಕ್ ಇದೆಯೇ, ಅದರ ಪಕ್ಕದಲ್ಲಿ ಎಷ್ಟು ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎಂದು ಬರೆದಿದೆ ಎಂಬುದನ್ನು ನೋಡಿ ಬರೆದಿಟ್ಟುಕೊಳ್ಳಿ. ಹೆಡ್‌ಫೋನ್ ಜಾಕ್ ಆಗಲಿ ಲೈನ್ ಔಟ್ ಆಗಲಿ ಸ್ಪೀಕರನ್ನು ನಡೆಸಲಾರದು. ಮನೆಯಲ್ಲಿ ಅಭ್ಯಾಸಕ್ಕೆ ಬಳಸುವ ಸಣ್ಣ ಕಾಂಬೊ (ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ) ಆಂಪುಗಳಲ್ಲಿ ಹಲವಕ್ಕೆ ಈ ಸೌಲಭ್ಯವೇ ಇರುವುದಿಲ್ಲ.

ಪೆಟ್ಟಿಗೆಯ ಪರೀಕ್ಷೆ

ಬಾಕ್ಸಿನೊಳಗೆ ಆಂಪ್ಲಿಫೈಯರ್ ಕೂಡ ಇದೆಯೆಂದಾದರೆ, ಅಂದರೆ ಹಿಂಬದಿಯಲ್ಲಿ 230 ವೋಲ್ಟಿನ ಪ್ಲಗ್ಗಿಗೆ ಜಾಗವಿದ್ದರೆ, ಅದನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅಂಥ ಸರ್ಕ್ಯೂಟಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಉಳಿದಿರಬಹುದು. ತಿಳಿದ ತಂತ್ರಜ್ಞರಿಂದ ಅದನ್ನು ತೆಗೆಸಿದ ಬಳಿಕವೇ ಮರಗೆಲಸಕ್ಕೆ ಇಳಿಯಿರಿ.

ಒಳಗೆ ಆಂಪ್ ಇಲ್ಲದ ಬಾಕ್ಸಾದರೆ ಮೊದಲು ಬೆರಳಿನ ಗೆಣ್ಣಿನಿಂದ ನಾಲ್ಕೂ ಬದಿಗಳನ್ನು ತಟ್ಟುತ್ತಾ ಬನ್ನಿ. ಗಟ್ಟಿ ಪ್ಲೈವುಡ್ ಚಿಕ್ಕದಾಗಿ, ಬಿಗಿಯಾಗಿ ಸದ್ದು ಮಾಡುತ್ತದೆ. ಪದರ ಬಿಟ್ಟ ಕಡೆ ಅಥವಾ ಗೆದ್ದಲು ತಿಂದ ಕಡೆ ಸದ್ದು ಪೊಳ್ಳಾಗುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲವನ್ನು ಗೋದಾಮಿನ ನೆಲದ ಮೇಲೆ ಕಳೆದ ಬಾಕ್ಸಾದರೆ ತಳಭಾಗವನ್ನು ವಿಶೇಷವಾಗಿ ನೋಡಿ. ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನದಾಗಿದ್ದು ಅಂಚು ಊದಿಕೊಂಡಿದ್ದರೆ ಅದನ್ನು ಸರಿಪಡಿಸಲಾಗದು, ಏಕೆಂದರೆ ಊದಿದ ಬೋರ್ಡಿನಲ್ಲಿ ಸ್ಕ್ರೂ ಹಿಡಿತವೇ ಸಿಗುವುದಿಲ್ಲ. ಮೂಲೆಯಲ್ಲಿ ನವಿರಾದ ಮರದ ಹುಡಿ ಉದುರುತ್ತಿದ್ದರೆ ಕೊರೆಹುಳು ಇದೆ ಎಂದರ್ಥ. ಅಂಥದ್ದನ್ನು ಮನೆಯೊಳಗೆ ತರಲೇಬಾರದು. ಕೀಲುಗಳು ಮಾತ್ರ ಸಡಿಲವಾಗಿದ್ದರೆ ಚಿಂತೆಯಿಲ್ಲ: ಹಳೆಯ ಅಂಟನ್ನು ಕೆರೆದು ತೆಗೆದು, ಮರಕ್ಕೆ ಹಾಕುವ ಫೆವಿಕಾಲ್ ತುಂಬಿಸಿ, ಹಗ್ಗದಿಂದಲೋ ಕ್ಲ್ಯಾಂಪಿನಿಂದಲೋ ಬಿಗಿದು ಒಂದು ದಿನ ಬಿಟ್ಟರೆ ಸಾಕು.

ಗಾತ್ರವನ್ನೂ ಅಳೆಯಿರಿ. 12 ಇಂಚಿನ ಒಂದು ಗಿಟಾರ್ ಸ್ಪೀಕರಿಗೆ ಒಳಗಿನ ಜಾಗ 35ರಿಂದ 60 ಲೀಟರ್ ಇದ್ದರೆ ಚೆನ್ನ. ಒಳಗಿನ ಅಗಲ, ಎತ್ತರ, ಆಳಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಹಿಂಬದಿ ಕಿರಿದಾಗುತ್ತಾ ಹೋಗುವ ಬಾಕ್ಸಾದರೆ ಮುಂದಿನ ಮತ್ತು ಹಿಂದಿನ ಅಗಲಗಳ ಸರಾಸರಿಯನ್ನು ತೆಗೆದುಕೊಳ್ಳಿ. ಸ್ಪೀಕರಿನ ಆಯಸ್ಕಾಂತ ಹಿಂಬದಿಗೆ ತಗಲದಂತೆ ಕನಿಷ್ಠ 20 ಸೆಂಟಿಮೀಟರ್ ಆಳ ಬೇಕು. 25 ಇದ್ದರೆ ಇನ್ನೂ ಒಳ್ಳೆಯದು.

ಹಳೆಯ ಸ್ಪೀಕರ್ ಉಳಿಸಿಕೊಳ್ಳಬಹುದೇ?

ಸ್ಕ್ರೂಗಳನ್ನು ಬಿಚ್ಚಿ ವೂಫರನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಕೋನಿನ (ಅಲುಗಿ ಸದ್ದು ಹೊರಡಿಸುವ ಶಂಕುವಿನ) ಕಾಗದ ಹರಿದಿದೆಯೇ, ಸುತ್ತಲಿನ ಅಂಚು ಗಟ್ಟಿಯಾಗಿದೆಯೇ ಎಂಬುದನ್ನು ಪರೀಕ್ಷಿಸಿ. ಮನೆಯ ಹೈಫೈ ಬಾಕ್ಸುಗಳಲ್ಲಿ ಅಂಚಿಗೆ ಫೋಮ್ ಬಳಸಿದ್ದರೆ ಅದು ಬೆರಳು ತಾಗಿದ ಕೂಡಲೇ ಪುಡಿಯಾಗುವಷ್ಟು ಹಳತಾಗಿರಬಹುದು. ಬಳಿಕ ಸ್ಪೀಕರನ್ನು ಅಂಗಾತ ಇಟ್ಟು, ನಡುವಿನ ಗುಮ್ಮಟದ ಇಕ್ಕೆಲಗಳಲ್ಲಿ ಎರಡೂ ಕೈಗಳ ಬೆರಳುಗಳನ್ನು ಸಮವಾಗಿ ಊರಿ, ಕೋನನ್ನು ಮೆಲ್ಲಗೆ ಕೆಲವೇ ಮಿಲಿಮೀಟರ್ ಕೆಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ನೆಟ್ಟಗಿದೆ. ಕಿವಿ ಹತ್ತಿರ ತಂದಾಗ ಪರಪರ ಎಂದು ಉಜ್ಜುವ ಸದ್ದು ಕೇಳಿದರೆ ಕಾಯಿಲ್ ಬಾಗಿದೆ ಅಥವಾ ಸುಟ್ಟು ಊದಿಕೊಂಡಿದೆ. ಹೊಸ ಕೋನ್ ಹಾಕಿಸದೆ ಅದನ್ನು ಬಳಸಲಾಗದು.

ಮಲ್ಟಿಮೀಟರಿನಲ್ಲಿ ಓಮ್ ಅಳತೆ ಇಟ್ಟು ಎರಡು ಟರ್ಮಿನಲ್‌ಗಳನ್ನು ಮುಟ್ಟಿಸಿ. ಮೀಟರ್ ತೋರಿಸುವುದು ಡಿ.ಸಿ. ರೋಧ ಮಾತ್ರ, ಅದು ಸ್ಪೀಕರಿನ ಮೇಲೆ ಬರೆದ ಇಂಪೀಡೆನ್ಸಿಗಿಂತ, ಅಂದರೆ ಧ್ವನಿಯ ಸಂಕೇತಕ್ಕೆ ಅದು ಒಡ್ಡುವ ತಡೆಗಿಂತ, ಸ್ವಲ್ಪ ಕಡಿಮೆಯೇ ಇರುತ್ತದೆ. 8 ಓಮ್ ಸ್ಪೀಕರ್ ಸುಮಾರು 6ರಿಂದ 7 ತೋರಿಸುತ್ತದೆ, 4 ಓಮಿನದು 3ರ ಆಸುಪಾಸು, 16 ಓಮಿನದು 12 ಅಥವಾ 13. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಇಷ್ಟೆಲ್ಲ ಸರಿಯಿದ್ದರೂ ಪಿ.ಎ. ವೂಫರನ್ನು ಗಿಟಾರಿಗೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದರ ಕೋನ್ ಭಾರ, ಅದು ಹೆಚ್ಚು ದೂರ ಹಿಂದೆ ಮುಂದೆ ಚಲಿಸುವಂತೆ ಮಾಡಿದ್ದು. ಗಿಟಾರ್ ಸ್ಪೀಕರಿನ ಹಗುರವಾದ ಕಾಗದದ ಕೋನ್ ಬಲವಾಗಿ ನುಡಿಸಿದಾಗ ತಾನೇ ಸ್ವಲ್ಪ ಮುರಿದು ಹಾಡುವ (ನಾದಕ್ಕೆ ಒರಟುತನ ಬೆರೆಸುವ) ಗುಣ ಇದಕ್ಕೆ ಬರುವುದಿಲ್ಲ. ಡಿಸ್ಟಾರ್ಷನ್ ಇಲ್ಲದ ಶುದ್ಧ ನಾದಕ್ಕೆ, ಜಾಝ್ ಶೈಲಿಯ ಮೆದು ನುಡಿಗೆ ಅದು ಸಾಕಾಗಬಹುದು. ಹಣ ಕೂಡಿಬರುವ ತನಕ ಅದನ್ನೇ ಹಾಕಿ ನುಡಿಸಬೇಕೆಂದರೆ ಹಾರ್ನಿನ ತಂತಿ ಕಳಚಿ, ಕ್ರಾಸ್‌ಓವರನ್ನು ಬಿಟ್ಟು, ಜಾಕಿನಿಂದ ನೇರ ವೂಫರಿಗೆ ತಂತಿ ಎಳೆಯಿರಿ.

ಸಭಾಂಗಣ, ದೇವಸ್ಥಾನ, ಶಾಲೆಗಳಿಂದ ಬಂದ ಉದ್ದನೆಯ ಕಾಲಮ್ ಸ್ಪೀಕರುಗಳ ಬಗ್ಗೆ ಒಂದು ಎಚ್ಚರಿಕೆಯಿದೆ. ಅವುಗಳಲ್ಲಿ ಹಲವು, ಒಂದೇ ಆಂಪಿನಿಂದ ಉದ್ದನೆಯ ತಂತಿಯಲ್ಲಿ ಅನೇಕ ಸ್ಪೀಕರುಗಳನ್ನು ನಡೆಸುವ 100 ವೋಲ್ಟ್ ಲೈನ್ ವ್ಯವಸ್ಥೆಗೆ ಸೇರಿದವು. ಒಳಗೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. 20 ವ್ಯಾಟಿನ ಟ್ಯಾಪ್‌ನಲ್ಲಿ ಅದು ಆಂಪಿಗೆ ಒಡ್ಡುವ ಇಂಪೀಡೆನ್ಸ್ 500 ಓಮ್. ಗಿಟಾರ್ ಆಂಪನ್ನು ಅದಕ್ಕೆ ಜೋಡಿಸಿದರೆ ಸದ್ದು ಕ್ಷೀಣವಾಗಿ ಬರುವುದಷ್ಟೇ ಅಲ್ಲ, ವಾಲ್ವ್ ಆಂಪಿಗೆ (ಟ್ರಾನ್ಸಿಸ್ಟರಿನ ಬದಲು ಗಾಜಿನ ವಾಲ್ವುಗಳಿಂದ ನಡೆಯುವ ಆಂಪಿಗೆ) ಸ್ಪೀಕರೇ ಇಲ್ಲದ ಸ್ಥಿತಿ ಉಂಟಾಗುತ್ತದೆ. ಟ್ರಾನ್ಸ್‌ಫಾರ್ಮರ್ ತೆಗೆಯದೆ ಅಂಥ ಕಾಲಮ್‌ಗಳನ್ನು ಬಳಸಬಾರದು.

ಹೊಸ ಸ್ಪೀಕರಿನ ಆಯ್ಕೆ

ಮೂರು ಸಂಗತಿಗಳು ಹೊಂದಬೇಕು: ಓಮ್, ವ್ಯಾಟ್, ಸಂವೇದನೆ. ಓಮ್ ವಿಷಯದಲ್ಲಿ ಔದಾರ್ಯಕ್ಕೆ ಎಡೆಯೇ ಇಲ್ಲ. ಟ್ರಾನ್ಸಿಸ್ಟರ್ ಆಂಪಿಗೆ ಅದರ ಮೇಲೆ ಬರೆದದ್ದಕ್ಕಿಂತ ಕಡಿಮೆ ಓಮಿನ ಸ್ಪೀಕರ್ ಜೋಡಿಸಿದರೆ ಹೆಚ್ಚು ವಿದ್ಯುತ್ತು ಹರಿದು ಔಟ್‌ಪುಟ್ ಭಾಗ ಸುಡಬಹುದು. ಹೆಚ್ಚಿನ ಓಮ್ ಇದ್ದರೆ ಸದ್ದು ಕಡಿಮೆಯಾಗುತ್ತದೆಯೇ ಹೊರತು ಅಪಾಯವಿಲ್ಲ. ವಾಲ್ವ್ ಆಂಪಿಗೆ ಬರೆದಷ್ಟೇ ಓಮ್ ಕೊಡಬೇಕು, ಮತ್ತು ಸ್ಪೀಕರ್ ಜೋಡಿಸದೆ ಅದನ್ನು ಎಂದಿಗೂ ನುಡಿಸಬಾರದು. ಹೊರೆ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಏಳುವ ಅತಿ ವೋಲ್ಟೇಜು ಅದನ್ನೇ ಸುಟ್ಟುಬಿಡಬಲ್ಲದು. ಕಾಂಬೊ ಆಂಪಿನ ಒಳಗಿನ ಸ್ಪೀಕರೂ ಹೊರಗಿನದೂ ಒಟ್ಟಿಗೆ ನುಡಿಯುವ ವ್ಯವಸ್ಥೆಯಿದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. 8 ಓಮಿನ ಎರಡು ಸ್ಪೀಕರುಗಳು ಸಮಾಂತರವಾಗಿ 4 ಓಮ್ ಆಗುತ್ತವೆ, ಸರಣಿಯಲ್ಲಿ 16 ಆಗುತ್ತವೆ.

ವ್ಯಾಟ್ ವಿಷಯದಲ್ಲಿ ಸ್ಪೀಕರ್ ಯಾವಾಗಲೂ ಆಂಪಿಗಿಂತ ಮೇಲಿರಲಿ. ವಾಲ್ವ್ ಆಂಪನ್ನು ಪೂರ್ತಿ ಏರಿಸಿದಾಗ ಅದು ಬರೆದದ್ದಕ್ಕಿಂತ ಹೆಚ್ಚು ಶಕ್ತಿ ಕೊಡುವುದರಿಂದ, 30 ವ್ಯಾಟಿನ ಆಂಪಿಗೆ 60 ವ್ಯಾಟಿನ ಸ್ಪೀಕರ್ ಇದ್ದರೆ ನೆಮ್ಮದಿ. ಸಂವೇದನೆಯನ್ನು ಅನೇಕರು ಗಮನಿಸುವುದೇ ಇಲ್ಲ, ಆದರೆ ಕಿವಿಗೆ ಮೊದಲು ತಿಳಿಯುವುದು ಅದೇ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬ ಅಳತೆ ಅದು. 97 ಡೆಸಿಬೆಲ್ ಸ್ಪೀಕರಿನ ಬದಲು 100 ಡೆಸಿಬೆಲ್‌ನದು ಹಾಕಿದರೆ ಆಂಪಿನ ಶಕ್ತಿಯನ್ನು ಎರಡು ಪಟ್ಟು ಮಾಡಿದಷ್ಟೇ ಫಲ. ಕಡಿಮೆ ವ್ಯಾಟಿನ ಆಂಪ್ ಇರುವವರಿಗೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಇಂಗ್ಲೆಂಡಿನ ಸೆಲೆಷನ್, ಅಮೆರಿಕದ ಎಮಿನೆನ್ಸ್, ಈಗ ಇಟಲಿಯಲ್ಲಿ ತಯಾರಾಗುವ ಜೆನ್ಸನ್ ಗಿಟಾರ್ ಸ್ಪೀಕರುಗಳಿಗೆ ಹೆಸರಾಂತ ಕಂಪನಿಗಳು. ಸೆಲೆಷನ್‌ನ 25 ವ್ಯಾಟಿನ ಗ್ರೀನ್‌ಬ್ಯಾಕ್ ಬೆಚ್ಚಗೆ, ಬೇಗ ಮುರಿದು ನುಡಿಯುತ್ತದೆ. 60 ವ್ಯಾಟಿನ ವಿಂಟೇಜ್ 30 ಮಧ್ಯಮ ಕಂಪನಗಳಲ್ಲಿ ಮುಂದೆ ಬಂದು ನಿಲ್ಲುತ್ತದೆ. ಒಂದೇ ಸ್ಪೀಕರಿನ ಕ್ಯಾಬಿನೆಟ್ಟಿಗೆ ಗ್ರೀನ್‌ಬ್ಯಾಕ್ ಹಾಕಬೇಕೆಂದಿದ್ದರೆ ಆಂಪು 15 ವ್ಯಾಟನ್ನು ಮೀರದಿರಲಿ.

ಮುಂಬದಿಯ ಹಲಗೆ

ಕೆಲಸದ ಹೃದಯ ಇರುವುದು ಇಲ್ಲಿ. ಹಳೆಯ ಬಾಕ್ಸಿನ ಮುಂಬದಿಯಲ್ಲಿ ವೂಫರಿಗೊಂದು ರಂಧ್ರ, ಹಾರ್ನಿಗೊಂದು ಚೌಕ, ಗಾಳಿ ಹೊರಹೋಗಲು ಒಂದೆರಡು ಪೋರ್ಟುಗಳು ಇರುತ್ತವೆ. ಒಂದೊಂದನ್ನೂ ತೇಪೆ ಹಾಕಿ ಮುಚ್ಚುವವರಿದ್ದಾರೆ. ತೇಪೆಗಳು ಕಾಲಕ್ರಮದಲ್ಲಿ ಸಡಿಲಗೊಂಡು ಗಿರಗುಟ್ಟುತ್ತವೆ. ಆದ್ದರಿಂದ 18 ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಿಂದ ಹೊಸ ಹಲಗೆಯನ್ನೇ ಕೊಯ್ಯಿಸಿ ಹಾಕುವುದು ಎಲ್ಲ ರೀತಿಯಿಂದಲೂ ಮೇಲು. ಹಳೆಯ ಹಲಗೆಯನ್ನು ಕಿತ್ತರೆ ಪೆಟ್ಟಿಗೆ ಅಲುಗಾಡುತ್ತದೆ ಎನ್ನುವಂತಿದ್ದರೆ ಅದನ್ನು ಹಾಗೆಯೇ ಬಿಟ್ಟು, ಹೊಸ ಹಲಗೆಯನ್ನು ಅದರ ಮೇಲೆ ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿ. 15 ಇಂಚಿನ ರಂಧ್ರವನ್ನು 12ಕ್ಕೆ ಇಳಿಸುವುದಕ್ಕೂ ಇದೇ ದಾರಿ.

ಪ್ಲೈವುಡ್ ಅಂಗಡಿಯವರು ಅಳತೆ ಕೊಟ್ಟರೆ ಚೌಕವಾಗಿ ಕೊಯ್ದು ಕೊಡುತ್ತಾರೆ. ವೃತ್ತವನ್ನು ನೀವು ಕೊರೆಯಬೇಕು ಅಥವಾ ಬಡಗಿಯಿಂದ ಕೊರೆಯಿಸಬೇಕು. 12 ಇಂಚಿನ ಸ್ಪೀಕರಿನ ಹೊರ ಅಂಚು ಸುಮಾರು 310 ಮಿಲಿಮೀಟರ್, ಹಲಗೆಯಲ್ಲಿ ಬೇಕಾದ ರಂಧ್ರ ಸುಮಾರು 283. ಕಂಪನಿಯ ವಿವರಪಟ್ಟಿಯಲ್ಲಿ ನಿಖರ ಅಳತೆ ಇರುತ್ತದೆ. ಅದನ್ನು ನೋಡದೆ ಗರಗಸ ಹಚ್ಚಬೇಡಿ. ಸ್ಪೀಕರನ್ನು ಸರಿಯಾಗಿ ನಡುವೆ ಇಡುವ ಬದಲು ತುಸು ಮೇಲಕ್ಕೆ, ತುಸು ಪಕ್ಕಕ್ಕೆ ಸರಿಸಿದರೆ ಅಂಚುಗಳಿಂದ ಮರಳುವ ಅಲೆಗಳು ಒಂದೇ ಕಂಪನದಲ್ಲಿ ಒಟ್ಟಾಗುವುದು ತಪ್ಪುತ್ತದೆ.

ವೃತ್ತ ಎಳೆಯಲು ತೆಳುವಾದ ರೀಪರಿನ ತುಂಡೊಂದರಲ್ಲಿ 141.5 ಮಿಲಿಮೀಟರ್ ಅಂತರದಲ್ಲಿ ಎರಡು ತೂತು ಮಾಡಿ, ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್ ಇಟ್ಟು ಸುತ್ತಿಸಿ. ದಾರ ಕಟ್ಟಿ ಎಳೆದರೆ ಅದು ಹಿಗ್ಗಿ ವೃತ್ತ ಡೊಂಕಾಗುತ್ತದೆ. ಗೆರೆಯ ಒಳಬದಿಗೆ ತಾಗಿದಂತೆ 10 ಮಿಲಿಮೀಟರ್ ತೂತೊಂದನ್ನು ಡ್ರಿಲ್ ಮಾಡಿ, ಜಿಗ್‌ಸಾ ಗರಗಸದ ಅಲಗನ್ನು ಅಲ್ಲಿ ಇಳಿಸಿ, ಒತ್ತಡ ಹಾಕದೆ ನಿಧಾನವಾಗಿ ಸುತ್ತು ಬನ್ನಿ. ಕೊನೆಯ ಕೈಯಗಲ ಉಳಿದಾಗ ಕೊಯ್ದ ತಟ್ಟೆಯನ್ನು ಕೆಳಗಿನಿಂದ ಯಾರಾದರೂ ಹಿಡಿದಿರಲಿ, ಇಲ್ಲದಿದ್ದರೆ ಅದು ತನ್ನ ಭಾರಕ್ಕೆ ಕುಸಿದು ಪ್ಲೈವುಡ್ಡಿನ ಮೇಲ್ಪದರವನ್ನು ಸೀಳಿಕೊಂಡು ಬೀಳುತ್ತದೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸಿ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಪ್ಲೈವುಡ್ಡಿನ ಅಂಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸ್ಪೀಕರ್ ನಾಲ್ಕೈದು ಕಿಲೋ ತೂಗುವುದರಿಂದ ಬರೀ ಮರದ ಸ್ಕ್ರೂಗಳನ್ನು ನಂಬಬೇಡಿ. ಹಲಗೆಯ ಮುಂಬದಿಯಿಂದ ಬೋಲ್ಟು ತೂರಿಸಿ, ಹಿಂಬದಿಯಲ್ಲಿ ವಾಷರ್ ಮತ್ತು ನಟ್ಟು ಹಾಕಿ ಬಿಗಿಯಿರಿ. ಗೋಡೆ ಗಡಿಯಾರದ ಎದುರುಬದುರು ಅಂಕಿಗಳಂತೆ ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು ಬಿಗಿಯುತ್ತಾ ಹೋಗಬೇಕು. ಒಂದೇ ಕಡೆ ಜೋರಾಗಿ ಎಳೆದರೆ ಸ್ಪೀಕರಿನ ಲೋಹದ ಚೌಕಟ್ಟು ತಿರುಚಿಕೊಂಡು ಕಾಯಿಲ್ ಉಜ್ಜತೊಡಗುತ್ತದೆ.

ಹಿಂಬದಿ: ತೆರೆದದ್ದೋ ಮುಚ್ಚಿದ್ದೋ

ಫೆಂಡರ್ ಕಂಪನಿಯ ಕಾಂಬೊಗಳು ಹಿಂಬದಿ ತೆರೆದವು. ಮಾರ್ಷಲ್ ಕಂಪನಿ 1960ರ ದಶಕದಲ್ಲಿ ಪ್ರಸಿದ್ಧಗೊಳಿಸಿದ ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ಮುಚ್ಚಿದ್ದು. ತೆರೆದ ಪೆಟ್ಟಿಗೆಯಲ್ಲಿ ಕೋನಿನ ಹಿಂಬದಿಯ ಸದ್ದೂ ಹೊರಬಂದು ಕೋಣೆಯನ್ನು ತುಂಬುತ್ತದೆ, ಆದರೆ ಮುಂಬದಿಯ ಅಲೆಗೆ ಅದು ವಿರುದ್ಧವಾಗಿರುವುದರಿಂದ ಕೆಳಗಿನ ಕಂಪನಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಸ್ವರ ಬಿಗಿಯಾಗಿ, ಎದೆಗೆ ತಟ್ಟುವಂತೆ ಬರುತ್ತದೆ, ಸದ್ದು ಮುಂದಕ್ಕೇ ಹೋಗುತ್ತದೆ. ಹಿಂಬದಿಯ ಹಲಗೆಯನ್ನು ಅಡ್ಡಡ್ಡ ಮೂರು ಪಟ್ಟಿಗಳಾಗಿ ಮಾಡಿ, ನಡುವಿನದನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಇಟ್ಟುಕೊಳ್ಳುವುದು ನನ್ನ ಸಲಹೆ. ಎರಡೂ ಬಗೆಯ ನಾದ ಒಂದೇ ಪೆಟ್ಟಿಗೆಯಲ್ಲಿ ದೊರೆಯುತ್ತದೆ, ಖರ್ಚು ಏನೂ ಹೆಚ್ಚುವುದಿಲ್ಲ. ಪಟ್ಟಿಗಳು ಕೂರುವ ಜಾಗದಲ್ಲಿ ರೀಪರ್ ಹೊಡೆದು ಅದರ ಮೇಲೆ ತೆಳು ಫೋಮ್ ಪಟ್ಟಿ ಅಂಟಿಸಿ. ಹಳೆಯ ಬಾಕ್ಸಿನೊಳಗೆ ತುರುಕಿದ್ದ ಹತ್ತಿ, ಉಣ್ಣೆ, ಸ್ಪಂಜುಗಳನ್ನು ತೆಗೆದುಬಿಡಿ. ಗಿಟಾರಿಗೆ ಅವು ಬೇಕಿಲ್ಲ.

ತಂತಿ ಜೋಡಣೆ

ಕಾಲಿಂಚಿನ ಮೋನೊ ಜಾಕ್ ಒಂದನ್ನು ಹಿಂಬದಿಯ ಕೆಳಗಿನ ಪಟ್ಟಿಗೆ ಕೂರಿಸಿ. ಮನೆಯ ವೈರಿಂಗಿಗೆ ಬಳಸುವ ಬಹು ಎಳೆಯ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಧಾರಾಳವಾಗಿ ಸಾಕು. 50 ವ್ಯಾಟ್, 8 ಓಮ್ ಎಂದರೆ ಹರಿಯುವುದು ಕೇವಲ 2.5 ಆಂಪಿಯರ್. ಜಾಕಿನ ತುದಿಯ ಸಂಪರ್ಕ ಸ್ಪೀಕರಿನ ಪ್ಲಸ್‌ಗೆ, ಸುತ್ತಲಿನ ತೋಳಿನ ಸಂಪರ್ಕ ಮೈನಸ್‌ಗೆ ಹೋಗಬೇಕು. ಬೆಸುಗೆ ಹಾಕುವಾಗ ಸ್ಪೀಕರಿನ ಟರ್ಮಿನಲ್ಲನ್ನು ಹೆಚ್ಚು ಹೊತ್ತು ಕಾಯಿಸಬೇಡಿ, ಕೋನಿಗೆ ಹೋಗುವ ನವಿರಾದ ತಂತಿ ಅಲ್ಲಿಯೇ ಬೆಸೆದುಕೊಂಡಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಜಾಕ್, ತಂತಿ, ಟರ್ಮಿನಲ್‌ಗೆ ಸಿಕ್ಕಿಸುವ ಕ್ಲಿಪ್ಪು ಎಲ್ಲವೂ ಸಿಗುತ್ತವೆ. ಕ್ಲಿಪ್ಪು ಬಳಸಿದರೆ ಸ್ಪೀಕರಿನ ಬಳಿ ಬೆಸುಗೆಯೇ ಬೇಕಾಗುವುದಿಲ್ಲ.

ಪ್ಲಸ್ ಯಾವುದೆಂದು ಗುರುತಿಲ್ಲದಿದ್ದರೆ 1.5 ವೋಲ್ಟಿನ ಸೆಲ್ ಒಂದನ್ನು ಕ್ಷಣಮಾತ್ರ ಮುಟ್ಟಿಸಿ ನೋಡಿ. ಕೋನ್ ಹೊರಗೆ ಹಾರಿದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಎರಡು ಸ್ಪೀಕರಿನ ಬಾಕ್ಸುಗಳಲ್ಲಿ ಈ ಪರೀಕ್ಷೆ ಕಡ್ಡಾಯ, ಏಕೆಂದರೆ ಒಂದು ಹೊರಗೂ ಇನ್ನೊಂದು ಒಳಗೂ ಹೋದರೆ ಕೆಳಸ್ವರವೆಲ್ಲ ಮಾಯವಾಗುತ್ತದೆ.

ಆಂಪಿನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲನ್ನು ಬಳಸಲೇಬಾರದು. ಎರಡಕ್ಕೂ ಒಂದೇ ಪ್ಲಗ್ ಇರುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಗಿಟಾರ್ ಕೇಬಲಿನ ನಡುವಿನ ಎಳೆ ತೀರ ತೆಳು. ಸ್ಪೀಕರಿಗೆ ಹೋಗುವ ವಿದ್ಯುತ್ತಿಗೆ ಅದು ಕಾದು, ಕರಗಿ, ಶಾರ್ಟ್ ಆಗಿ ಆಂಪನ್ನೂ ಸೇರಿಸಿ ಹಾಳುಮಾಡಬಲ್ಲದು. ಸ್ಪೀಕರ್ ಕೇಬಲಿಗೆ ಬೇರೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಡಿ.

ಹೊರಮೈ ಮತ್ತು ಪರೀಕ್ಷೆ

ರೆಕ್ಸಿನ್ ಹೊದಿಸುವುದೋ ಬಣ್ಣ ಬಳಿಯುವುದೋ ನಿಮ್ಮ ಇಷ್ಟ. ಸ್ಪೀಕರಿನ ಮುಂದೆ ಹಾಕುವ ಬಟ್ಟೆ ಮಾತ್ರ ಬಾಯಿಯಿಂದ ಊದಿದರೆ ಗಾಳಿ ಸಲೀಸಾಗಿ ಹಾದುಹೋಗುವಷ್ಟು ವಿರಳ ನೇಯ್ಗೆಯದಾಗಿರಲಿ. ಹಳೆಯ ಕಬ್ಬಿಣದ ಜಾಲರಿಯನ್ನೇ ಮತ್ತೆ ಹಾಕುವುದಾದರೆ ಅದರ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ.

ಆಂಪಿನ ವಾಲ್ಯೂಮ್ ತೀರ ಕಡಿಮೆ ಇಟ್ಟು ಮೊದಲ ಸಲ ನುಡಿಸಿ. ಎಲ್ಲ ಸರಿಯಿದ್ದರೆ ಸ್ವಲ್ಪ ಏರಿಸಿ, ಅತಿ ಕೆಳಗಿನ ತಂತಿಯಲ್ಲಿ ಒಂದೊಂದೇ ಫ್ರೆಟ್ ಮೇಲಕ್ಕೆ ನಿಧಾನವಾಗಿ ನುಡಿಸುತ್ತಾ ಹೋಗಿ. ಯಾವುದೋ ಒಂದು ಸ್ವರಕ್ಕೆ ಮಾತ್ರ ಪೆಟ್ಟಿಗೆ ಗಿರಗುಟ್ಟಿದರೆ, ಆ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಿರುವಂತೆ ಇನ್ನೊಬ್ಬರು ಹಲಗೆ, ಜಾಲರಿ, ಹಿಡಿಕೆ, ಜಾಕ್‌ಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಲಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೆಯೋ ಅಲ್ಲಿ ಸ್ಕ್ರೂ ಬಿಗಿಯಬೇಕು ಅಥವಾ ಅಂಟು ತುಂಬಿಸಬೇಕು. ಪಿ.ಎ. ಬಾಕ್ಸುಗಳ ಬದಿಯಲ್ಲಿರುವ ಮಡಚುವ ಲೋಹದ ಹಿಡಿಕೆಗಳೇ ಬಹಳ ಸಲ ಇದರ ಮೂಲವಾಗಿರುತ್ತವೆ.

12 ಇಂಚಿನ ಸ್ಪೀಕರಿನ ಮೇಲಿನ ಕಂಪನಗಳು ನೇರ ಮುಂದಕ್ಕೆ ಕಿರಿದಾದ ಕೋನದಲ್ಲಿ ಹೋಗುವುದರಿಂದ, ನೆಲದ ಮೇಲಿಟ್ಟ ಕ್ಯಾಬಿನೆಟ್ ನಿಂತು ನುಡಿಸುವವರ ಮೊಣಕಾಲಿಗೆ ಚುರುಕಾಗಿ, ಕಿವಿಗೆ ಮಂಕಾಗಿ ಕೇಳುತ್ತದೆ. ಆಂಪಿನ ಟ್ರೆಬಲ್ ತಿರುಗಿಸುವ ಮೊದಲು ಪೆಟ್ಟಿಗೆಯನ್ನು ಸ್ಟೂಲಿನ ಮೇಲೆ ಏರಿಸಿ ಅಥವಾ ಹಿಂದಕ್ಕೆ ವಾಲಿಸಿ ಕೇಳಿ. ತೆರೆದ ಹಿಂಬದಿಯಿದ್ದರೆ ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಸರಿಸಿ. ಕೆಲವು ವಾರ ಜೋರಾಗಿ ನುಡಿಸಿದ ಬಳಿಕ ಪ್ಲೈವುಡ್ ಒತ್ತಿಕೊಂಡು ಬೋಲ್ಟುಗಳು ಅರ್ಧ ಸುತ್ತು ಸಡಿಲಗೊಂಡಿರುತ್ತವೆ. ನಡುವಿನ ಪಟ್ಟಿಯನ್ನು ತೆಗೆದು ಅವನ್ನು ಇನ್ನೊಮ್ಮೆ ಬಿಗಿದು ಬಿಡಿ.